ಹಾಕಿ ಆಡಿದರೆ ತೊಗರಿ ರಾಶಿಯಾಗುತ್ತದೆಯೇ?

(ಕಾಲೇಜು ಹಾಕಿ ತಂಡದ ತರಬೇತುದಾರರೊಬ್ಬರು ವಾರಕ್ಕೊಮ್ಮೆ ರೇಡಿಯೊದಲ್ಲಿ ತಮ್ಮ ತಂಡದ ಬಗ್ಗೆ ಮಾತನಾಡುತ್ತಾರೆ. ಬಸವಕಲ್ಯಾಣ ಮತ್ತು ಹುಮನಾಬಾದ ಕಡೆಯ ಹಳ್ಳಿಗಳ ಕೇಳುಗರು ಬಯಸಿದ್ದರಿಂದ ಒಂದು ವಾರದ ಮಾತನ್ನು ಇಲ್ಲಿ ಅಚ್ಚು ಮಾಡಿದ್ದೇವೆ.)



ಎಳ್ಳಮಾವಾಸ್ಯೆ ಮುಗಿಯಿತು. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿ ಉಂಡು ಬಂದಿದ್ದೀರಿ. ಈಗ ಕಡಲೆ ಕಾಯಿ ಕಟ್ಟುತ್ತಿದೆ, ಬಿಳಿಜೋಳ ತೆನೆ ಬಿಡುತ್ತಿದೆ, ತೊಗರಿ ಕೊಯ್ಲಿಗೆ ಬಂದಿದೆ. ಇಂಥ ಕೆಲಸದ ದಿನಗಳಲ್ಲಿಯೂ ಬಿಡುವು ಮಾಡಿಕೊಂಡು ಕುಳಿತಿರುವ ತಮ್ಮನ್ನು ಕಾಯಿಸುವುದಿಲ್ಲ. ಮೊದಲು ಸುದ್ದಿ ಹೇಳಿಬಿಡುತ್ತೇನೆ. ಕಳೆದ ಬುಧವಾರ ನಮ್ಮ ತಂಡ ಸೋತಿತು. ಎದುರಿನವರು ಎರಡು ಗೋಲು ಹೊಡೆದರು, ನಾವು ಒಂದು ಹೊಡೆದೆವು.

ಸೋತದ್ದನ್ನು ಏಕೆ ಹೇಳಬೇಕು?

"ಗೆದ್ದಾಗ ಹೇಳಿರಿ, ಸೋತಾಗ ಸುಮ್ಮನಿರಿ" ಎಂದು ನನ್ನ ಸ್ನೇಹಿತರೊಬ್ಬರು ಬುದ್ಧಿ ಹೇಳಿದರು. ಅವರ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಅಮೆರಿಕ ದೇಶದ ಕಾಲೇಜುಗಳಲ್ಲಿ ಒಂದು ರೂಢಿ ಉಂಟು. ಅಲ್ಲಿ ತಂಡದ ತರಬೇತುದಾರನು ವಾರಕ್ಕೊಮ್ಮೆ ಊರಿನ ರೇಡಿಯೊದಲ್ಲಿ ಕುಳಿತು, ಆ ವಾರ ತನ್ನ ತಂಡ ಹೇಗೆ ಆಡಿತು, ಎಲ್ಲಿ ಎಡವಿತು, ಮುಂದಿನ ಆಟಕ್ಕೆ ಏನು ಸಿದ್ಧತೆ ಎಂಬುದನ್ನು ಜನರಿಗೆ ಹೇಳುತ್ತಾನೆ. ಜನ ಪ್ರಶ್ನೆ ಕೇಳುತ್ತಾರೆ, ಅವನು ಉತ್ತರ ಕೊಡುತ್ತಾನೆ. ಅವರ ಹಾಕಿ ನಮ್ಮದರಂತಲ್ಲ. ಅದು ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಆಟ. ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ. ಆಟ ಬೇರೆಯಾದರೂ ಆ ರೂಢಿ ಒಳ್ಳೆಯದು. ಗೆದ್ದ ವಾರವೂ ಬರಬೇಕು, ಸೋತ ವಾರವೂ ಬರಬೇಕು.

ಇದು ನಮಗೂ ಹೊಸದಲ್ಲ. ಸಂಜೆ ಊರ ಕಟ್ಟೆಯ ಮೇಲೆ ಕುಳಿತಾಗ ತಾವು ಏನು ಮಾಡುತ್ತೀರಿ? "ನನ್ನ ಹೆಸರು ಹೋಯಿತು, ಉದ್ದು ಅರ್ಧ ಬಂತು, ಸೋಯಾ ಕೈ ಹಿಡಿಯಿತು" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೀರಿ. ಒಬ್ಬನು ಮುಚ್ಚಿಟ್ಟರೆ ಅವನ ಹೊಲದ ರೋಗ ಪಕ್ಕದ ಹೊಲಕ್ಕೂ ಬರುತ್ತದೆ. ಬಿಚ್ಚಿ ಹೇಳಿದರೆ ಹತ್ತು ಜನ ಮದ್ದು ಹೇಳುತ್ತಾರೆ. ಈ ವಾರ ನನಗೆ ಆದದ್ದೂ ಹಾಗೆಯೇ. ಮದ್ದು ಹೇಳಿದವರು ಒಬ್ಬ ರೈತರು. ಆ ಕಥೆಯನ್ನೇ ಈ ಹೊತ್ತು ಹೇಳಬೇಕೆಂದಿದ್ದೇನೆ.

ಆಟ ಕೈತಪ್ಪಿದ ಬಗೆ

ಹಾಕಿ ನೋಡದವರಿಗಾಗಿ ಎರಡು ಮಾತು. ಒಂದೊಂದು ಕಡೆಗೆ ಹನ್ನೊಂದು ಜನ. ಹತ್ತು ಜನ ಬಯಲಿನಲ್ಲಿ ಆಡುತ್ತಾರೆ, ಒಬ್ಬ ಗೋಲು ಕಾಯುತ್ತಾನೆ. ಈಗಿನ ಅಂತರರಾಷ್ಟ್ರೀಯ ನಿಯಮದಂತೆ ಹದಿನೈದು ಹದಿನೈದು ನಿಮಿಷದ ನಾಲ್ಕು ಪಾಳಿ ಆಟ. ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ಅಂದರೆ ಒಂದು ಎತ್ತಿನ ಕೊಟ್ಟಿಗೆಯ ಬಾಗಿಲಿಗಿಂತ ದೊಡ್ಡದು. ಅದನ್ನು ಒಬ್ಬನೇ ಕಾಯಬೇಕು.

ಎರಡನೆಯ ಪಾಳಿಯಲ್ಲಿ ನಮ್ಮವರೇ ಮೊದಲು ಗೋಲು ಹೊಡೆದರು. ಮೂರನೆಯ ಪಾಳಿಯಲ್ಲಿ ಎದುರಿನ ಹುಡುಗನೊಬ್ಬ ಬಲಗಡೆಯಿಂದ ಚೆಂಡು ತಂದ. ಅವನನ್ನು ತಡೆಯಲು ಒಬ್ಬ ಹೋದರೆ ಸಾಕಾಗಿತ್ತು. ನಮ್ಮವರು ಮೂವರು ಒಮ್ಮೆಗೇ ಅವನ ಮೇಲೆ ಓಡಿದರು. ನಡುವೆ ಬಯಲು ಬರಿದಾಯಿತು. ಅವನು ಆ ಬರಿದಾದ ಜಾಗಕ್ಕೆ ಚೆಂಡು ತಳ್ಳಿದ, ಅಲ್ಲಿ ನಿಂತಿದ್ದವನು ಗೋಲಿಗೆ ಹೊಡೆದ. ಒಂದಕ್ಕೊಂದು ಸಮವಾಯಿತು.

ಕೊನೆಯ ಪಾಳಿಯಲ್ಲಿ ಅವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ನಮ್ಮ ಗೋಲಿನ ಮುಂದಿನ ವೃತ್ತದೊಳಗೆ ನಾವು ತಪ್ಪು ಮಾಡಿದರೆ ಎದುರಿನವರಿಗೆ ದೊರೆಯುವ ಅವಕಾಶವಿದು. ಆಗ ಗೋಲ್‌ಕೀಪರನೂ ಸೇರಿ ಹೆಚ್ಚೆಂದರೆ ಐದು ಜನ ಮಾತ್ರ ಗೋಲಿನ ಗೆರೆಯ ಹಿಂದೆ ನಿಂತು ಕಾಯಬೇಕು. ಉಳಿದವರೆಲ್ಲ ಬಯಲಿನ ನಡುಗೆರೆಯ ಆಚೆಗೆ ಹೋಗಬೇಕು. ಎದುರಿನವರು ಚೆಂಡನ್ನು ಗೆರೆಯಿಂದ ಹೊರಗೆ ತಳ್ಳಿ, ವೃತ್ತದ ತುದಿಯಲ್ಲಿ ತಡೆದು, ಗೋಲಿಗೆ ಹೊಡೆಯುತ್ತಾರೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ನಮ್ಮ ಗೋಲ್‌ಕೀಪರ್ ಎಡಕ್ಕೆ ಬಿದ್ದ, ಚೆಂಡು ಬಲಕ್ಕೆ ಹೋಯಿತು.

ಆ ಹುಡುಗನನ್ನು ಯಾರೂ ಬೈಯಬಾರದು. ಅವನು ಎರಡನೆಯ ಗೋಲ್‌ಕೀಪರ್. ಅಂಥ ಹೊಡೆತವನ್ನು ತಡೆಯುವ ಅಭ್ಯಾಸವನ್ನು ನಾನು ಅವನಿಗೆ ಎರಡೇ ಸಲ ಮಾಡಿಸಿದ್ದೆ. ಬಿತ್ತನೆಗೆ ಬೀಜ ತರುವಾಗ ಮೊದಲ ಬಿತ್ತನೆ ಕೆಟ್ಟರೆ ಇರಲಿ ಎಂದು ತಾವು ಇನ್ನಷ್ಟು ತಂದಿಡುತ್ತೀರಿ. ನಾನು ಇಡಲಿಲ್ಲ. ತಪ್ಪು ನನ್ನದು.

ಗೋಲ್‌ಕೀಪರ್ ಬಾರದ ಕಾರಣ

ಹಾಗಾದರೆ ಮೊದಲನೆಯ ಗೋಲ್‌ಕೀಪರ್ ಎಲ್ಲಿದ್ದ? ಹೊಲದಲ್ಲಿದ್ದ. ಹತ್ತು ದಿನದಿಂದ ಅವನು ಅಭ್ಯಾಸಕ್ಕೆ ಬಂದಿರಲಿಲ್ಲ. ನಾನು ಫೋನಿನಲ್ಲಿ ಎರಡು ಸಲ ಗದರಿದೆ. "ಬರ್ತೀನ್ರಿ ಸರ್" ಎಂದ, ಬರಲಿಲ್ಲ. ಸೋತ ಮೇಲೆ ಶುಕ್ರವಾರ ನಾನೇ ಅವನ ಊರಿಗೆ ಹೋದೆ. ಸಸ್ತಾಪುರ ಬಂಗ್ಲೆಯಲ್ಲಿ ಬಸ್ಸು ಇಳಿದು, ಅಲ್ಲಿಂದ ಒಂದು ಟಂಟಂ ಹತ್ತಿ ಹೋಗಬೇಕು. ಹುಡುಗನ ಹೆಸರನ್ನೂ ಊರಿನ ಹೆಸರನ್ನೂ ನಾನು ಹೇಳುವುದಿಲ್ಲ. ಮನೆತನದ ಮಾತು ಮನೆತನಕ್ಕೇ ಇರಲಿ.

ಹೊಲದ ಬದುವಿನ ಮೇಲೆ ಅವನ ತಂದೆ ಸಿಕ್ಕರು. ಕುಡಗೋಲು ಕೆಳಗಿಟ್ಟು, ತಂಬಿಗೆಯ ನೀರು ಕೊಟ್ಟು, ಬೇವಿನ ನೆರಳಿನಲ್ಲಿ ಕೂಡಿಸಿದರು. ನಾನು ತಂಡ, ಶಿಸ್ತು, ಕಾಲೇಜಿನ ಮರ್ಯಾದೆ ಎಂದು ಬಹಳ ಮಾತನಾಡಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಹೇಳಿದರು:

"ಮಾಸ್ತರೇ, ನೀವು ಓದಿದವರು. ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹಾಕಿ ಆಡಿದ್ರ ತೊಗರಿ ರಾಶಿ ಆಗ್ತದೇನ್ರಿ? ಮೂರು ಎಕರೆ ನಿಂತದ ನೋಡ್ರಿ. ಆಳು ಸಿಗವಲ್ರು. ಊರಾಗಿನ ಹುಡುಗರು ಪುಣೆ, ಮುಂಬೈ, ಹೈದರಾಬಾದ ಅಂತ ದುಡೀಲಿಕ್ಕ ಹೋಗ್ಯಾರ. ಕೊಯ್ದು ಹಾಕಿದ ಮ್ಯಾಲ ಮಳಿ ಬಿದ್ರ ವರ್ಷದ ಗಂಜಿ ಹೋಗ್ತದ. ನನ್ನ ಮಗ ಗೋಲ್ ಕಾಯಬೇಕೋ, ಹೊಲ ಕಾಯಬೇಕೋ, ನೀವೇ ಹೇಳ್ರಿ."

ಬಂಧುಗಳೇ, ನನ್ನ ಬಳಿ ಉತ್ತರವಿರಲಿಲ್ಲ. ನಾನೂ ರೈತನ ಮಗನೇ. ಆದರೂ ಮೂವತ್ತು ವರ್ಷ ಸಂಬಳದ ಕೆಲಸದಲ್ಲಿದ್ದು, ತೊಗರಿ ಕೊಯ್ಲು ಯಾವ ವಾರ ಬರುತ್ತದೆ ಎಂಬುದನ್ನು ಮರೆತಿದ್ದೆ. ಸಾಯಂಕಾಲ ನಾಲ್ಕು ಗಂಟೆಗೆ ಅಭ್ಯಾಸವೆಂದು ಗೊತ್ತುಮಾಡಿದವನು ನಾನು. ಆ ಹುಡುಗ ಅಭ್ಯಾಸ ಮುಗಿಸಿ ಊರು ಸೇರುವ ಹೊತ್ತಿಗೆ ಕತ್ತಲಾಗುತ್ತದೆ. ಕೊಯ್ಲಿನ ದಿನಗಳಲ್ಲಿ ಅವನ ಮನೆಗೆ ಅವನಿಂದ ಏನೂ ದೊರೆಯುವುದಿಲ್ಲ. ಇದನ್ನು ನಾನು ಒಮ್ಮೆಯೂ ಕೇಳಿ ತಿಳಿದಿರಲಿಲ್ಲ.

ಮುಯ್ಯಿ

ಆ ಸಂಜೆ ಹಿಂದಿರುಗಿ ಬಂದು ಹುಡುಗರನ್ನು ಕೂಡಿಸಿದೆ. ನಡೆದದ್ದನ್ನು ಹೇಳಿದೆ. ತಂಡದ ನಾಯಕನು ಹುಮನಾಬಾದ ಕಡೆಯ ಹಳ್ಳಿಯವನು. ಅವನು ಎದ್ದು, "ಸರ್, ನಮ್ಮ ಊರಾಗ ಇಂಥಾದ್ದಕ್ಕ ಮುಯ್ಯಿ ಹೋಗ್ತಾರ" ಎಂದ. ಇಂದು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀನು. ಹಣದ ಮಾತಿಲ್ಲ. ನಮ್ಮ ಹಿರಿಯರು ಸಹಕಾರ ಎಂಬ ಶಬ್ದವನ್ನು ಕೇಳುವ ಮುಂಚೆಯೇ ನಡೆಸುತ್ತಿದ್ದ ಪದ್ಧತಿ.

ಭಾನುವಾರ ಬೆಳಿಗ್ಗೆ ಹದಿನಾಲ್ಕು ಹುಡುಗರು ಮತ್ತು ನಾನು ಆ ಹೊಲಕ್ಕೆ ಇಳಿದೆವು. ಕುಡಗೋಲು ಹಿಡಿದು ಬೆಳೆದವರು ಎಂಟು ಜನ. ಉಳಿದವರು ಪೇಟೆಯ ಮಕ್ಕಳು. ಮೊದಲ ಗಂಟೆಯಲ್ಲಿಯೇ ಇಬ್ಬರ ಕೈಗೆ ಬೊಬ್ಬೆ ಬಂತು. ಒಬ್ಬನ ಬೂಟಿಗೆ ಕೊಯ್ದ ತೊಗರಿಯ ಬುಡ ಚುಚ್ಚಿತು. ಮಧ್ಯಾಹ್ನ ಆ ತಾಯಿ ಕಟಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ತಂದರು. ಹೊತ್ತು ಮುಳುಗುವುದರೊಳಗೆ ಮೂರು ಎಕರೆಯೂ ಮುಗಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಮೂಲೆ ಉಳಿಯಿತು. ಅದನ್ನು ಮನೆಯವರೇ ಮರುದಿನ ಮುಗಿಸಿದರು. ಕಟ್ಟುಗಳನ್ನು ಒಣಹಾಕಿದ್ದಾರೆ. ರಾಶಿಯ ಮಷಿನ್ ಬರುವುದು ಇನ್ನು ನಾಲ್ಕಾರು ದಿನ.

ಒಬ್ಬ ರೈತರು ಕಲಿಸಿದ ಪಾಠ

ಕೆಲಸ ನಡೆದಾಗ ಆ ಯಜಮಾನರು ಹುಡುಗರನ್ನು ನೋಡುತ್ತಲೇ ಇದ್ದರು. ಸಂಜೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು:

"ಮಾಸ್ತರೇ, ನಿಮ್ಮ ಹುಡುಗರು ಮೈಗಳ್ಳರಲ್ಲ. ಆದ್ರ ಒಂದು ಚಾಳಿ ಅದ. ಬಾಜೂದವ ಹಿಂದ ಬಿದ್ದ ಅಂದ್ರ ಎಲ್ಲರೂ ಓಡಿ ಅವನ ಸಾಲಿಗೇ ಹೋಗ್ತಾರ. ತಮ್ಮ ಸಾಲು ಹಾಂಗೇ ನಿಂತಿರ್ತದ. ಒಬ್ಬ ಹೋದ್ರ ಸಾಕಲ್ರೀ. ಉಳಿದವರು ತಮ್ಮ ಸಾಲು ಹಿಡಿದು ನಡೀಬೇಕು."

ನಾನು ಅವರ ಮುಖವನ್ನೇ ನೋಡಿದೆ. ಅವರು ಬುಧವಾರದ ಆಟವನ್ನು ನೋಡಿರಲಿಲ್ಲ. ಹಾಕಿ ಆಟವನ್ನೇ ಅವರು ಪೂರ್ತಿ ಕೂತು ನೋಡಿದವರಲ್ಲ. ಆದರೂ ನಮಗೆ ಮೊದಲ ಗೋಲು ಬಿದ್ದ ಕಾರಣವನ್ನು ಅಕ್ಷರಶಃ ಹೇಳಿದರು. ಮೂವರು ಒಬ್ಬನ ಮೇಲೆ ಓಡಿದ್ದರಿಂದಲ್ಲವೇ ನಡುವಿನ ಜಾಗ ಬರಿದಾದದ್ದು? ನಾನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಎರಡು ವರ್ಷ ಹೇಳಿದರೂ ಹುಡುಗರ ತಲೆಗೆ ಹೋಗದ ಮಾತು, ತೊಗರಿಯ ಸಾಲಿನಲ್ಲಿ ಒಂದೇ ದಿನಕ್ಕೆ ಹೋಯಿತು. ಈಗ ಅಭ್ಯಾಸದಲ್ಲಿ ಯಾರಾದರೂ ಜಾಗ ಬಿಟ್ಟು ಓಡಿದರೆ ಉಳಿದವರು "ಸಾಲು! ಸಾಲು!" ಎಂದು ಕೂಗುತ್ತಾರೆ.

ಹಾಕಿ ನಮಗೆ ಹೊರಗಿನದಲ್ಲ

ಇದು ಪೇಟೆಯವರ ಆಟ, ನಮ್ಮದಲ್ಲ ಎಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಭಾರತವು 1928ರಲ್ಲಿ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಚಿನ್ನ ಗೆದ್ದಿತು. ಧ್ಯಾನಚಂದರು ಆ ತಂಡದಲ್ಲಿದ್ದರು. 1948ರ ಆಗಸ್ಟ್ 12ರಂದು ಲಂಡನ್ನಿನಲ್ಲಿ ನಮ್ಮವರು ಬ್ರಿಟನ್ ತಂಡವನ್ನು ನಾಲ್ಕು ಗೋಲುಗಳಿಂದ ಸೋಲಿಸಿದರು. ಎದುರಿನವರಿಗೆ ಒಂದೂ ಗೋಲು ಕೊಡಲಿಲ್ಲ. ಆಗ ನಮ್ಮ ಬೀದರ ಸೀಮೆ ಇನ್ನೂ ನಿಜಾಮರ ಸಂಸ್ಥಾನದಲ್ಲಿತ್ತು. ಸಂಸ್ಥಾನವು ಭಾರತಕ್ಕೆ ಶರಣಾದದ್ದು ಅದೇ ವರ್ಷ ಸೆಪ್ಟೆಂಬರ್ 17ರಂದು.

1975ರ ಮಾರ್ಚ್ 15ರಂದು ಭಾರತ ವಿಶ್ವಕಪ್ ಗೆದ್ದಾಗ ನಾನು ಚಿಕ್ಕ ಹುಡುಗ. ಆಟ ನಡೆದದ್ದು ಮಲೇಷಿಯಾದ ಕ್ವಾಲಾಲಂಪುರದಲ್ಲಿ, ಎದುರಾಳಿ ಪಾಕಿಸ್ತಾನ. ನಮ್ಮ ಊರಿನ ಚಹಾದಂಗಡಿಯ ರೇಡಿಯೊದ ಸುತ್ತ ಜನ ನೆರೆದಿದ್ದರು. ಜಸದೇವ ಸಿಂಗರ ವೀಕ್ಷಕ ವಿವರಣೆ ಹಿಂದಿಯಲ್ಲಿತ್ತು. ನಮ್ಮ ಕಡೆಯವರ ಕಿವಿಗೆ ಉರ್ದು ಬೆರೆತ ಹಿಂದಿ ಹೊಸದಲ್ಲ, ಎಲ್ಲರಿಗೂ ತಿಳಿಯಿತು. ಪಾಕಿಸ್ತಾನ ಮೊದಲು ಗೋಲು ಹೊಡೆದಾಗ ಅಂಗಡಿ ಸ್ತಬ್ಧವಾಯಿತು. ಸುರ್ಜಿತ್ ಸಿಂಗ್ ಸಮ ಮಾಡಿದರು. ಧ್ಯಾನಚಂದರ ಮಗ ಅಶೋಕ ಕುಮಾರ್ ಗೆಲುವಿನ ಗೋಲು ಹೊಡೆದರು. ಆ ತಂಡದಲ್ಲಿ ನಮ್ಮ ಕೊಡಗಿನ ಬಿ. ಪಿ. ಗೋವಿಂದ ಅವರೂ ಇದ್ದರು. ಮರುದಿನ ನಾವು ಹುಡುಗರೆಲ್ಲ ಬಾಗಿದ ಜಾಲಿಯ ಕೊಂಬೆ ಕಡಿದು, ಬಟ್ಟೆಯ ಚೆಂಡು ಕಟ್ಟಿ ಆಡಿದೆವು. ನನ್ನ ಹಾಕಿ ಶುರುವಾದದ್ದು ಆ ದಿನ, ರೇಡಿಯೊದಿಂದ.

ಅದೇ ವಿಶ್ವಕಪ್ಪಿನ ಸೆಮಿಫೈನಲ್ ಆಟವನ್ನು ನಾನು ನಮ್ಮ ಎರಡನೆಯ ಗೋಲ್‌ಕೀಪರನಿಗೆ ಈ ವಾರ ಹೇಳಿದೆ. ಮಲೇಷಿಯಾದ ಎದುರು ಭಾರತ ಒಂದು ಗೋಲು ಹಿಂದಿತ್ತು, ಕೆಲವೇ ನಿಮಿಷ ಉಳಿದಿದ್ದವು. ಅಲ್ಲಿಯವರೆಗೆ ಹೊರಗೆ ಕುಳಿತಿದ್ದ ಅಸ್ಲಂ ಶೇರ್ ಖಾನರನ್ನು ಒಳಗೆ ಕಳಿಸಿದರು. ಅವರು ಪೆನಾಲ್ಟಿ ಕಾರ್ನರಿನಲ್ಲಿ ಗೋಲು ಹೊಡೆದು ಸಮ ಮಾಡಿದರು. ಹೆಚ್ಚಿನ ಸಮಯದಲ್ಲಿ ಭಾರತ ಗೆದ್ದಿತು. ಹೊರಗೆ ಕುಳಿತವನೂ ಸಿದ್ಧನಾಗಿಯೇ ಕುಳಿತಿರಬೇಕು. ಅವನನ್ನು ಸಿದ್ಧ ಮಾಡುವುದು ನನ್ನ ಕೆಲಸ. ಈಗ ಅವನಿಗೆ ದಿನಾಲು ಇಪ್ಪತ್ತು ಹೊಡೆತ ಹೊಡೆಸುತ್ತಿದ್ದೇನೆ.

ಕೊಡಗಿನವರ ಲೆಕ್ಕ

ನಮ್ಮ ರಾಜ್ಯದಲ್ಲಿ ಹಾಕಿಯೆಂದರೆ ಕೊಡಗು. 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿದ್ದ ಎಂ. ಪಿ. ಗಣೇಶ್, 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ಎಂ. ಎಂ. ಸೋಮಯ್ಯ, ಇವರೆಲ್ಲ ಆ ನೆಲದವರು. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಮನೆತನಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಮೊದಲ ವರ್ಷ ಕರಡ ಎಂಬಲ್ಲಿ 60 ಮನೆತನಗಳು ಆಡಿದವು. 2024ರಲ್ಲಿ ನಾಪೋಕ್ಲಿನಲ್ಲಿ 360 ಮನೆತನಗಳು ಆಡಿದವು. ಒಂದೊಂದು ವರ್ಷ ಒಂದೊಂದು ಮನೆತನ ಹೊಣೆ ಹೊರುತ್ತದೆ. ಅಜ್ಜನೂ ಮೊಮ್ಮಗನೂ, ಸೊಸೆಯೂ ಮಗಳೂ ಒಂದೇ ತಂಡದಲ್ಲಿ ಆಡುವುದುಂಟು.

ಇದರಲ್ಲಿ ನಾವು ಗಮನಿಸತಕ್ಕದ್ದು ಒಂದಿದೆ. ಆ ಪಂದ್ಯಾವಳಿ ನಡೆಯುವುದು ಬೇಸಿಗೆಯಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳ ಹೊತ್ತಿಗೆ. ಆಗ ಕಾಫಿಯ ಕೊಯ್ಲು ಮುಗಿದಿರುತ್ತದೆ, ಮುಂಗಾರು ಇನ್ನೂ ಬಂದಿರುವುದಿಲ್ಲ. ಅವರು ಬೆಳೆಯ ಕಾಲವನ್ನು ಆಟಕ್ಕಾಗಿ ಕದಲಿಸಲಿಲ್ಲ. ಬೆಳೆ ಬಿಟ್ಟುಕೊಟ್ಟ ಕಾಲದಲ್ಲಿ ಆಟವನ್ನು ಇಟ್ಟುಕೊಂಡರು. ಆದುದರಿಂದಲೇ ಮನೆಯ ಹಿರಿಯರು ಆಟಕ್ಕೆ ಅಡ್ಡ ಬರುವುದಿಲ್ಲ, ತಾವೇ ಬಯಲಿಗೆ ಬರುತ್ತಾರೆ. ನಾನು ಮಾಡಿದ ತಪ್ಪು ಇಲ್ಲಿಯೇ. ನಾನು ನನ್ನ ವೇಳಾಪಟ್ಟಿಯನ್ನು ಹಿಡಿದುಕೊಂಡು ಹೊಲವನ್ನು ಕದಲಿಸಹೊರಟೆ.

ಆ ಪ್ರಶ್ನೆಗೆ ಉತ್ತರ

ಹಾಕಿ ಆಡಿದರೆ ತೊಗರಿ ರಾಶಿಯಾಗುತ್ತದೆಯೇ? ಆಗುವುದಿಲ್ಲ. ಇದನ್ನು ನೇರವಾಗಿ ಒಪ್ಪಿಕೊಳ್ಳಬೇಕು. ಹಾಕಿ ಆಡಿದವರಿಗೆಲ್ಲ ನೌಕರಿ ಸಿಗುತ್ತದೆ ಎಂದು ಹೇಳುವವರನ್ನೂ ನಂಬಬೇಡಿರಿ. ಕೆಲವರಿಗೆ ರೈಲ್ವೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ, ಸೈನ್ಯದಲ್ಲಿ ಕ್ರೀಡೆಯಿಂದ ಕೆಲಸ ಸಿಕ್ಕಿದ್ದುಂಟು. ಆದರೆ ನೂರು ಜನ ಆಡಿದರೆ ನೂರಕ್ಕೂ ಸಿಗುವುದಿಲ್ಲ. ಸಿಗುತ್ತದೆಂದು ಆಸೆ ಹಚ್ಚಿ ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗುವುದು ನನ್ನಿಂದಾಗದು.

ಹಾಗಾದರೆ ಏಕೆ ಆಡಬೇಕು? ಆ ಹೊಲದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ನಮ್ಮ ತಂಡದಲ್ಲಿ ಬೇರೆ ಬೇರೆ ಊರಿನವರು, ಬೇರೆ ಬೇರೆ ಜಾತಿ ಮತದವರು ಇದ್ದಾರೆ. ಎರಡು ವರ್ಷದ ಹಿಂದೆ ಇವರಿಗೆ ಒಬ್ಬರ ಮನೆ ಒಬ್ಬರಿಗೆ ಗೊತ್ತಿರಲಿಲ್ಲ. ಭಾನುವಾರ ಅವರು ಒಬ್ಬ ಗೆಳೆಯನ ತಂದೆಯ ಹೊಲದಲ್ಲಿ ಕೈ ಬೊಬ್ಬೆ ಬಂದರೂ ಸಂಜೆಯವರೆಗೆ ಬಗ್ಗಿ ಕೊಯ್ದರು. ಒಂದೇ ಬುಟ್ಟಿಯ ರೊಟ್ಟಿ ಉಂಡರು. ಕೂಲಿ ಕೇಳಲಿಲ್ಲ. ಇದನ್ನು ಅವರಿಗೆ ಪುಸ್ತಕ ಕಲಿಸಿರಲಿಲ್ಲ. ಜೊತೆಗೆ ಆಡಿದ್ದು, ಜೊತೆಗೆ ಸೋತದ್ದು ಕಲಿಸಿತು. ಆಳು ಸಿಗದ ಈ ಕಾಲದಲ್ಲಿ, ಕರೆದರೆ ಹದಿನಾಲ್ಕು ಜನ ಬರುವ ಹುಡುಗನೊಬ್ಬ ಮನೆಯಲ್ಲಿರುವುದು ಸಣ್ಣ ಆಸ್ತಿಯಲ್ಲ. ತೊಗರಿಯನ್ನು ಹಾಕಿ ಬೆಳೆಯಲಿಲ್ಲ, ನಿಜ. ಆದರೆ ಕೊಯ್ಯುವ ಕೈಗಳನ್ನು ಕೂಡಿಸಿತು.

ಇಷ್ಟನ್ನು ಆ ತಂದೆಗೆ ಶುಕ್ರವಾರವೇ ಹೇಳಬೇಕಾಗಿತ್ತು. ಆಗ ನನಗೂ ಗೊತ್ತಿರಲಿಲ್ಲ. ಅವರು ಈಗ ಕೇಳುತ್ತಿದ್ದಾರೆಂದು ನಂಬಿದ್ದೇನೆ.

ಇನ್ನು ಮಾಡಬೇಕಾದದ್ದು

1956ರಲ್ಲಿ ಪುಣೆಯ ಕಡೆಯ ಹಳ್ಳಿಗಳಲ್ಲಿ ರೇಡಿಯೊ ಗ್ರಾಮೀಣ ಕೂಟಗಳೆಂಬ ಪ್ರಯೋಗ ನಡೆಯಿತು. 1959ರಲ್ಲಿ ಅದನ್ನು ದೇಶದ ಇತರ ಕಡೆಗೂ ವಿಸ್ತರಿಸಿದರು. ರೈತರು ಗುಂಪಾಗಿ ಕುಳಿತು ರೇಡಿಯೊ ಕೇಳಬೇಕು, ಕೇಳಿದ್ದನ್ನು ಚರ್ಚಿಸಬೇಕು, ಸರಿ ಕಂಡದ್ದನ್ನು ಮಾಡಬೇಕು. ಇದು ಅದರ ನಿಯಮ. ಕೇಳಿ ಎದ್ದು ಹೋದರೆ ಪ್ರಯೋಜನವಿಲ್ಲ. ಆದುದರಿಂದ ನನ್ನ ಮಾತನ್ನು ಕೇಳಿದವರು ಮಾಡಬಹುದಾದ ನಾಲ್ಕು ಕೆಲಸಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯದು ನನ್ನ ಪಾಲಿನ ಕೆಲಸ. ರಾಶಿ ಮುಗಿಯುವವರೆಗೆ ಸಾಯಂಕಾಲದ ಅಭ್ಯಾಸವನ್ನು ನಿಲ್ಲಿಸಿದ್ದೇನೆ. ವಾರದಲ್ಲಿ ಮೂರು ದಿನ, ಬೆಳಿಗ್ಗೆ ಆರು ಗಂಟೆಗೆ, ಒಂದೇ ತಾಸು. ದೂರದ ಹಳ್ಳಿಯವರು ಹಿಂದಿನ ರಾತ್ರಿ ಗೆಳೆಯರ ಮನೆಯಲ್ಲಿ ಉಳಿಯಬಹುದು, ಅಥವಾ ತಮ್ಮ ಊರಿನಲ್ಲಿಯೇ ಓಟ ಮತ್ತು ಗೋಡೆಗೆ ಚೆಂಡು ಹೊಡೆಯುವ ಅಭ್ಯಾಸ ಮಾಡಬಹುದು.

ಎರಡನೆಯದು ತಾಯಿತಂದೆಗಳ ಕೆಲಸ. ಬಿತ್ತನೆ, ಕೊಯ್ಲು, ರಾಶಿ, ಜಾತ್ರೆ, ಮದುವೆ, ಇವುಗಳಲ್ಲಿ ಮಗನ ಅಥವಾ ಮಗಳ ಅಗತ್ಯ ಯಾವ ದಿನಗಳಲ್ಲಿ ಇದೆಯೆಂದು ಹದಿನೈದು ದಿನ ಮುಂಚೆ ನಮಗೆ ತಿಳಿಸಿರಿ. ಮಗನನ್ನು ನಡುವೆಯೇ ಬಿಡಿಸಿಕೊಂಡು ಹೋಗಬೇಡಿರಿ. ತಿಳಿಸಿದರೆ ನಾವು ಬೇರೆಯವರನ್ನು ಸಿದ್ಧ ಮಾಡುತ್ತೇವೆ. ಸಾಧ್ಯವಿದ್ದರೆ ಮುಯ್ಯಿಗೂ ಬರುತ್ತೇವೆ.

ಮೂರನೆಯದು ಊರಿನ ಕೆಲಸ. ಪೂರ್ತಿ ಹಾಕಿ ಬಯಲು 91.4 ಮೀಟರ್ ಉದ್ದ, 55 ಮೀಟರ್ ಅಗಲ. ಅಂದರೆ ಸುಮಾರು ಒಂದು ಎಕರೆ ಹತ್ತು ಗುಂಟೆ. ಚಿಕ್ಕ ಮಕ್ಕಳಿಗೆ ಅದರ ಅರ್ಧ ಸಾಕು. ದೊಡ್ಡ ಪಂದ್ಯಗಳನ್ನು ಈಗ ಕೃತಕ ಹುಲ್ಲಿನ ಮೇಲೆ ಆಡುತ್ತಾರೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಆ ಪದ್ಧತಿ ಬಂತು. ಅದು ನಮ್ಮ ಹಳ್ಳಿಗಳಿಗೆ ಸದ್ಯಕ್ಕೆ ಎಟುಕುವ ಮಾತಲ್ಲ. ಆದರೆ ಕಲ್ಲು ಆಯ್ದು, ಮುರುಮು ಹಾಕಿ, ನೀರು ಹೊಡೆದು, ರೂಲು ಎಳೆದ ಸಮತಟ್ಟಾದ ನೆಲ ಎಲ್ಲ ಊರಿಗೂ ಸಾಧ್ಯ. ಗ್ರಾಮಸಭೆಯಲ್ಲಿ ಈ ಮಾತನ್ನು ಎತ್ತಿರಿ. ಶಾಲೆಯ ಬಯಲಿನಲ್ಲಿ ಬಣವೆ ಒಟ್ಟುವುದನ್ನು ಬಿಡಿರಿ.

ನಾಲ್ಕನೆಯದು ಹೆಣ್ಣುಮಕ್ಕಳ ವಿಷಯ. ಹರಿಯಾಣದ ಶಾಹಾಬಾದಿನಲ್ಲಿ (ನಮ್ಮ ಕಲಬುರಗಿ ಕಡೆಯ ಶಹಾಬಾದ ಅಲ್ಲ) ಗಾಡಿ ಎಳೆದು ಬದುಕುತ್ತಿದ್ದವರೊಬ್ಬರ ಮಗಳು ರಾಣಿ ರಾಂಪಾಲ್. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಭಾರತದ ಮಹಿಳಾ ತಂಡದ ನಾಯಕಿಯಾಗಿದ್ದರು. ತಂಡ ನಾಲ್ಕನೆಯ ಸ್ಥಾನ ಪಡೆಯಿತು. ನಮ್ಮ ಕಾಲೇಜಿನಲ್ಲಿಯೂ ಏಳು ಹುಡುಗಿಯರು ಹೆಸರು ಕೊಟ್ಟಿದ್ದಾರೆ. ಹನ್ನೊಂದು ಆಗಬೇಕು. ಬೆಳಕಿರುವಾಗಲೇ ಅಭ್ಯಾಸ ಮುಗಿಸಿ ಬಸ್ಸಿಗೆ ಹತ್ತಿಸುವ ಹೊಣೆ ನನ್ನದು. ಉಳಿದ ನಾಲ್ವರನ್ನು ಕಳಿಸುವ ಹೊಣೆ ತಮ್ಮದು.

ಮುಂದಿನ ಆಟ

ಶನಿವಾರ ನಮಗೆ ಮತ್ತೊಂದು ಆಟವಿದೆ. ಎದುರಿನ ತಂಡ ನಮಗಿಂತ ಬಲವಾದದ್ದು. ಗೆಲ್ಲುತ್ತೇವೆಂದು ಹೇಳಲಾರೆ. ಮೊದಲನೆಯ ಗೋಲ್‌ಕೀಪರ್ ಬರುತ್ತಾನೆ, ಆದರೆ ಹದಿನೈದು ದಿನ ಅಭ್ಯಾಸ ತಪ್ಪಿದವನನ್ನು ಆರಂಭದಲ್ಲಿ ನಿಲ್ಲಿಸುವುದಿಲ್ಲ. ಬುಧವಾರ ಸೋತ ಹುಡುಗನೇ ಮೊದಲು ನಿಲ್ಲುತ್ತಾನೆ. ಇದು ಇಬ್ಬರಿಗೂ ನ್ಯಾಯವೆಂದು ಇಬ್ಬರೂ ಒಪ್ಪಿದ್ದಾರೆ.

ಮುಯ್ಯಿ ತೀರಿಸುವುದು ಬಾಕಿಯಿದೆಯೆಂದು ಆ ಯಜಮಾನರು ಪಟ್ಟು ಹಿಡಿದರು. "ಅಣ್ಣಾರೆ, ಶನಿವಾರ ಬಂದು ಆಟ ನೋಡ್ರಿ, ಅಷ್ಟೇ ಸಾಕು" ಎಂದೆ. ಅವರು ಒಪ್ಪಲಿಲ್ಲ. ರಾಶಿ ಮುಗಿದ ಮೇಲೆ ಟ್ರ್ಯಾಕ್ಟರ್ ತಂದು ನಮ್ಮ ಬಯಲಿನ ಮೂಡಣ ಮೂಲೆಯ ತಗ್ಗನ್ನು ತುಂಬಿ ಸಮ ಮಾಡಿಕೊಡುತ್ತಾರಂತೆ. ಆ ತಗ್ಗಿನಲ್ಲಿ ಮೂರು ವರ್ಷದಿಂದ ನಮ್ಮ ಹುಡುಗರು ಕಾಲು ಉಳುಕಿಸಿಕೊಳ್ಳುತ್ತಿದ್ದಾರೆ. ಅರ್ಜಿ ಬರೆದು ಬರೆದು ನಾನು ದಣಿದಿದ್ದೆ.

ಶನಿವಾರದ ಫಲ ಏನೇ ಇರಲಿ, ಮುಂದಿನ ವಾರ ಇದೇ ಹೊತ್ತಿಗೆ ಇದ್ದದ್ದನ್ನು ಇದ್ದ ಹಾಗೆ ತಮ್ಮ ಮುಂದೆ ಇಡುತ್ತೇನೆ. ಅಲ್ಲಿಯವರೆಗೆ ಕೊಯ್ದ ತೊಗರಿಯ ಮೇಲೆ ಮಳೆ ಬೀಳದಿರಲಿ, ತಮ್ಮೆಲ್ಲರ ರಾಶಿ ಸುಸೂತ್ರವಾಗಿ ಮನೆ ಸೇರಲಿ.

ನಮಸ್ಕಾರ. ಜೈ ಹಿಂದ್.